ಬಯಲಿನಲ್ಲಿ ನಿಂತ ಪದ್ಮಿನಿ

2025ರ ಜುಲೈ ತಿಂಗಳ ಒಂದು ಬೆಳಿಗ್ಗೆ, ಬೆಂಗಳೂರಿನ ನಮ್ಮ ಮನೆಯ ಮುಂದೆ ನಿಂತಿದ್ದ ಕಾರಿನ ಹೊದಿಕೆಗೆ ಯಾರೋ ಒಂದು ಚೀಟಿ ಅಂಟಿಸಿ ಹೋಗಿದ್ದರು. ಇದು ವಾರಸುದಾರರಿಲ್ಲದ ವಾಹನವೆಂದೂ, ಏಳು ದಿನಗಳೊಳಗೆ ತೆರವುಗೊಳಿಸದಿದ್ದಲ್ಲಿ ವಶಪಡಿಸಿಕೊಳ್ಳಲಾಗುವುದೆಂದೂ ಅದರಲ್ಲಿ ಬರೆದಿತ್ತು. ಮೂರು ದಶಕಗಳ ಸರ್ಕಾರಿ ಸೇವೆಯಲ್ಲಿ ಇಂಥ ನೂರಾರು ನೋಟಿಸುಗಳಿಗೆ ಸಹಿ ಹಾಕಿದ ನನಗೆ, ಒಂದನ್ನು ಸ್ವೀಕರಿಸುವ ಅನುಭವ ಹೊಸದಾಗಿತ್ತು. ಸಿಟ್ಟು ಬಂದದ್ದು ನಿಜ. ಆದರೆ ಹೊದಿಕೆಯ ಮೇಲಿನ ಎಲೆರಾಶಿ, ಹಕ್ಕಿಯ ಹಿಕ್ಕೆ, ಗಾಳಿಯಿಳಿದು ನೆಲಕ್ಕೆ ಕುಸಿದ ಹಿಂದಿನ ಚಕ್ರ ಇವನ್ನೆಲ್ಲ ಕಂಡಾಗ, ಅಂಟಿಸಿದವನ ತಪ್ಪೇನೂ ಇಲ್ಲವೆಂದು ಒಪ್ಪಿಕೊಳ್ಳಬೇಕಾಯಿತು.

ಆ ಕಾರು 1979ರ ಪ್ರೀಮಿಯರ್ ಪದ್ಮಿನಿ. ಮೈಸೂರಿನಲ್ಲಿ ಕಾಲೇಜು ಅಧ್ಯಾಪಕರಾಗಿದ್ದ ನನ್ನ ತಂದೆ ಮುಂಗಡ ಕಟ್ಟಿ, ವರ್ಷಗಟ್ಟಲೆ ಕಾದು ಪಡೆದದ್ದು. ಪರ್ಮಿಟ್ ರಾಜ್ಯದ ಆ ದಿನಗಳಲ್ಲಿ ಕಾರು ಕೊಳ್ಳುವುದೆಂದರೆ ಹಣಕ್ಕಿಂತ ಹೆಚ್ಚಾಗಿ ತಾಳ್ಮೆಯ ಪರೀಕ್ಷೆ. ಕೈಗೆ ಬಂದ ದಿನವೇ ಅದನ್ನು ಮಾರಿದ್ದರೂ ಕೊಟ್ಟದ್ದಕ್ಕಿಂತ ಹೆಚ್ಚು ದೊರೆಯುತ್ತಿತ್ತು. ಕೊರತೆಯ ಅರ್ಥಶಾಸ್ತ್ರವನ್ನು ನಾನು ಮಾನಸಗಂಗೋತ್ರಿಯ ತರಗತಿಗಿಂತ ಮೊದಲು ಕಲಿತದ್ದು ಈ ಕಾರಿನಿಂದಲೇ. ಸ್ಟೀರಿಂಗಿನ ಪಕ್ಕದಲ್ಲೇ ಗೇರು, ಮುಂದೆ ಮೂವರು ಕೂರಬಹುದಾದ ಉದ್ದನೆಯ ಆಸನ, 1089 ಸಿ.ಸಿ.ಯ ಎಂಜಿನ್. ಇಟಲಿಯ ಫಿಯೆಟ್ 1100ರ ಈ ವಂಶಜ ಮುಂಬೈಯಲ್ಲಿ ತಯಾರಾಗುತ್ತಿತ್ತು. ಅದರ ಉತ್ಪಾದನೆ ಶತಮಾನದ ತಿರುವಿನಲ್ಲಿ ನಿಂತುಹೋಯಿತು. ಮುಂಬೈಯ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳ ಕಡೆಯ ದಿನ 2023ರ ಅಕ್ಟೋಬರಿನಲ್ಲಿ ಮುಗಿಯಿತು.

ಮೈಸೂರಿನ ಹಳೆಯ ಮನೆಯಲ್ಲಿ ಕಾರಿಗೊಂದು ಹೆಂಚಿನ ಶೆಡ್ಡಿತ್ತು. ತಂದೆ ತೀರಿಕೊಂಡ ಮೇಲೆ ಮನೆ ಮಾರಾಟವಾಗಿ, ಕಾರು ನನ್ನ ಪಾಲಿಗೆ ಬಂತು. ಬೆಂಗಳೂರಿನ ನಮ್ಮ ಮೂವತ್ತು-ನಲವತ್ತರ ನಿವೇಶನದಲ್ಲಿ ಪೋರ್ಟಿಕೊ ಇಲ್ಲವೆಂದಲ್ಲ. ಅದು ನೆಲಮಹಡಿಯ ಬಾಡಿಗೆದಾರರ ಕರಾರಿನಲ್ಲಿ ಸೇರಿಹೋಗಿದೆ. ಕಾರು ನಿಲ್ಲಿಸಲು ಜಾಗವಿಲ್ಲದ ಮನೆಗೆ ಇಂದು ಯಾರೂ ಒಳ್ಳೆಯ ಬಾಡಿಗೆ ಕೊಡುವುದಿಲ್ಲ. ‘ನಿಮ್ಮ ತಂದೆಯ ಕಾರಿಗಿಂತ ಬಾಡಿಗೆದಾರರ ಕಾರು ಹೆಚ್ಚಾಯಿತು’ ಎಂದು ನನ್ನ ಪತ್ನಿ ಒಮ್ಮೆ ಹೇಳಿದ್ದುಂಟು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಬಯಲಿನಲ್ಲಿ ನಿಂತ ಕಾರಿಗೆ ಮಳೆಗಿಂತ ದೊಡ್ಡ ಶತ್ರು ಒಣಗದ ತೇವ. ಇದನ್ನು ತಿಳಿಯಲು ನಾನು ತೆತ್ತ ಬೆಲೆ ಸಣ್ಣದಲ್ಲ. ಮೊದಲ ಮಳೆಗಾಲಕ್ಕೆ ದಪ್ಪನೆಯ ಪ್ಲಾಸ್ಟಿಕ್ ಟಾರ್ಪಾಲಿನ್ ತಂದು, ನಾಲ್ಕೂ ಕಡೆ ಹಗ್ಗ ಬಿಗಿದು, ಕರ್ತವ್ಯ ಮುಗಿಯಿತೆಂದು ನೆಮ್ಮದಿಯಿಂದಿದ್ದೆ. ದೀಪಾವಳಿಗೆ ಬಿಚ್ಚಿ ನೋಡಿದರೆ ಬಾನೆಟ್ಟಿನ ಮೇಲೆ ಬಣ್ಣ ಗುಳ್ಳೆಯೆದ್ದಿತ್ತು. ಬಾಗಿಲುಗಳ ಕೆಳಅಂಚಿನಲ್ಲಿ ತುಕ್ಕು ಬೆರಳಿಗೆ ಪುಡಿಯಾಗಿ ಬರುತ್ತಿತ್ತು. ನೆಲದಿಂದೇಳುವ ಆವಿಗೆ ಹೊರಹೋಗಲು ದಾರಿಯಿಲ್ಲದೆ ರಾತ್ರಿಯ ತಂಪಿಗೆ ನೀರಾಗಿ ಲೋಹದ ಮೇಲೆಯೇ ಇಳಿದಿತ್ತು. ನಮ್ಮ ಬಡಾವಣೆಯ ಟಿಂಕರಿಂಗ್ ಕೆಲಸದ ಹಿರಿಯರು ಅದನ್ನು ನೋಡಿ, ‘ಸಾರ್, ನೀವು ಕಾರಿಗೆ ಕವರ್ ಹಾಕಿಲ್ಲ, ಇಡ್ಲಿ ಥರ ಬೇಯೋಕೆ ಇಟ್ಟಿದೀರಿ’ ಎಂದರು.

ಅವರಿಂದ ಕಲಿತದ್ದೇ ಹೆಚ್ಚು. ಹೊದಿಕೆ ಗಾಳಿಯಾಡುವ ಬಟ್ಟೆಯದಾಗಿರಬೇಕು, ಒಳಮೈ ಮೃದುವಾಗಿರಬೇಕು. ದೂಳಿರುವ ಕಾರಿಗೆ ಹೊದಿಸಿದರೆ ಗಾಳಿಗೆ ಅಲುಗಾಡುವ ಬಟ್ಟೆಯೇ ಉಪ್ಪುಕಾಗದವಾಗಿ ಬಣ್ಣ ಉಜ್ಜುತ್ತದೆ. ಆದ್ದರಿಂದ ಮೊದಲು ತೊಳೆದು, ಪೂರ್ತಿ ಒಣಗಿಸಿ, ಮೇಣದ ಪಾಲಿಶ್ ಹಚ್ಚಬೇಕು. ಮಳೆ ಬಿಟ್ಟ ದಿನ ಹೊದಿಕೆ ತೆಗೆದು, ಗಾಜುಗಳನ್ನು ಎರಡು ಬೆರಳಿನಷ್ಟು ಇಳಿಸಿ, ಬಿಸಿಲು ಕಾಣಿಸಬೇಕು. ಬಾಗಿಲುಗಳ ಅಡಿಯಲ್ಲಿ ನೀರು ಹರಿದುಹೋಗಲು ಸಣ್ಣ ರಂಧ್ರಗಳಿರುತ್ತವೆ. ಅವು ಎಲೆ-ಮಣ್ಣಿನಿಂದ ಮುಚ್ಚಿಕೊಂಡರೆ ಬಾಗಿಲು ಒಳಗಿನಿಂದಲೇ ಕೊಳೆಯುತ್ತದೆ. ನಲವತ್ತು ವರ್ಷ ಕಾರು ಇಟ್ಟುಕೊಂಡ ನಮ್ಮ ಮನೆಯಲ್ಲಿ ಈ ರಂಧ್ರಗಳ ವಿಚಾರ ಯಾರಿಗೂ ಗೊತ್ತಿರಲಿಲ್ಲವೆಂಬುದು ಸೋಜಿಗ. ಮುಂಗಾಜಿನ ಸುತ್ತಲ ರಬ್ಬರ್ ಬೀಡಿಂಗ್ ಒಣಗಿ ಬಿರಿದರೆ, ಅಲ್ಲಿಂದ ಇಳಿದ ನೀರು ಕಾಲಡಿಯ ನಾರಿನ ಚಾಪೆಯಲ್ಲಿ ನಿಲ್ಲುತ್ತದೆ. ಚಾಪೆಯನ್ನೇ ತೆಗೆದಿಡುವುದು ಲೇಸು.

ಹ್ಯಾಂಡ್‌ಬ್ರೇಕ್ ಎಳೆದು ತಿಂಗಳುಗಟ್ಟಲೆ ನಿಲ್ಲಿಸಿದರೆ ಬ್ರೇಕ್ ಕಚ್ಚಿಕೊಳ್ಳುತ್ತದೆ. ಚಕ್ರಕ್ಕೆ ಕಲ್ಲು ಕೊಟ್ಟರೆ ಸಾಕು. ವಾರಕ್ಕೊಮ್ಮೆ ಐದು ನಿಮಿಷ ಎಂಜಿನ್ ಚಾಲೂ ಮಾಡಿ ಆರಿಸುವುದು ನಿಷ್ಪ್ರಯೋಜಕವಷ್ಟೇ ಅಲ್ಲ, ಹಾನಿಕರ. ಸೈಲೆನ್ಸರಿನೊಳಗೆ ಹುಟ್ಟಿದ ನೀರು ಆವಿಯಾಗುವಷ್ಟು ಬಿಸಿಯೇ ಆಗಿರುವುದಿಲ್ಲ. ಅರ್ಧ ಗಂಟೆ ಓಡಿಸಿ ಬರಬೇಕು. ಇಲಿಗಳ ಕಾಟಕ್ಕೂ ಇದಕ್ಕಿಂತ ಒಳ್ಳೆಯ ಮದ್ದನ್ನು ನಾನು ಕಂಡಿಲ್ಲ. ಬೀದಿಯ ಹೊಂಗೆ ಮರದ ನೆರಳು ಬಿಸಿಲಿಗೇನೋ ಹಿತ. ಆದರೆ ಏಪ್ರಿಲ್-ಮೇ ತಿಂಗಳ ಬಿರುಗಾಳಿ ಮಳೆಯಲ್ಲಿ ಬೆಂಗಳೂರಿನ ಮರಗಳು ಏನು ಮಾಡುತ್ತವೆಂದು ಓದುಗರಿಗೆ ಹೇಳಬೇಕಾಗಿಲ್ಲ. ಆ ಎರಡು ತಿಂಗಳು ನಾನು ನೆರಳನ್ನು ಬಿಟ್ಟು ಬಿಸಿಲನ್ನೇ ಆರಿಸಿಕೊಳ್ಳುತ್ತೇನೆ.

ಪೆಟ್ರೋಲಿನದು ಬೇರೆಯೇ ಸಮಸ್ಯೆ. ಟ್ಯಾಂಕು ತುಂಬಿಸಿಟ್ಟರೆ ಒಳಗೆ ತೇವ ಕಟ್ಟುವುದಿಲ್ಲವೆಂಬುದು ಹಳೆಯ ಬುದ್ಧಿವಾದ. ಆದರೆ 2025ರಲ್ಲಿ ದೇಶದ ಪೆಟ್ರೋಲಿನಲ್ಲಿ ಎಥೆನಾಲ್ ಪ್ರಮಾಣ ಶೇ 20ರ ಮಟ್ಟ ಮುಟ್ಟಿದೆ. ಎಥೆನಾಲ್ ತಾನೇ ನೀರು ಹೀರುವ ದ್ರವ. ಅದನ್ನು ಕಲ್ಪಿಸಿಕೊಂಡೂ ಇರದ ಕಾಲದ ರಬ್ಬರ್ ಕೊಳವೆಗಳೂ ಪೆಟ್ರೋಲ್ ಪಂಪಿನ ಪದರವೂ ಅದಕ್ಕೆ ಉಬ್ಬಿ ಬಿರಿಯುತ್ತವೆ. ಕಬ್ಬು ಬೆಳೆಗಾರರ ಹಾಗೂ ವಿದೇಶಿ ವಿನಿಮಯದ ದೃಷ್ಟಿಯಿಂದ ಆ ನೀತಿಯನ್ನು ನಾನು ಸಮರ್ಥಿಸಬಲ್ಲೆ. ಆದರೂ ಎರಡು ಬಾರಿ ಕೊಳವೆ ಬದಲಿಸಿದ ಮೇಲೆ, ಸಮರ್ಥನೆಯ ಉತ್ಸಾಹ ಸ್ವಲ್ಪ ಕುಗ್ಗಿದೆ.

ಕಾನೂನಿನ ಮಾತಿಗೆ ಬಂದರೆ, 2021ರಲ್ಲಿ ತಿದ್ದುಪಡಿಯಾದ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಐವತ್ತು ವರ್ಷ ಮೀರಿದ, ಮೂಲ ಸ್ವರೂಪ ಉಳಿಸಿಕೊಂಡ ವಾಹನಕ್ಕೆ ‘ವಿಂಟೇಜ್’ ಮಾನ್ಯತೆ ದೊರೆಯುತ್ತದೆ. ನಮ್ಮ ಕಾರಿಗೆ ಐವತ್ತು ತುಂಬುವುದು 2029ಕ್ಕೆ. ಆದರೆ ಆ ಗೌರವ ಪಡೆದ ವಾಹನವನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿಗಳಂಥ ಉದ್ದೇಶಗಳಿಗಷ್ಟೇ ರಸ್ತೆಗಿಳಿಸಬಹುದು. ಗಾಂಧಿ ಬಜಾರಿಗೆ ಹೂವು ತರಲು ಹೋಗುವಂತಿಲ್ಲ. ಮಾನ್ಯತೆ ಬೇಡವೆಂದರೆ ನೋಂದಣಿ ನವೀಕರಣದ ಹಾದಿಯುಂಟು. ಇಪ್ಪತ್ತು ವರ್ಷ ಮೀರಿದ ಕಾರುಗಳಿಗೆ ಅದರ ಶುಲ್ಕವನ್ನು 2025ರ ಆಗಸ್ಟಿನಲ್ಲಿ 10,000 ರೂಪಾಯಿಗೆ ಏರಿಸಲಾಯಿತು.

ಇಷ್ಟೆಲ್ಲ ಬರೆದ ಮೇಲೂ ಚೀಟಿ ಎತ್ತಿದ ಪ್ರಶ್ನೆ ಉಳಿದೇ ಇದೆ. ನನ್ನ ತಂದೆಯ ನೆನಪಿಗೆ ಸಾರ್ವಜನಿಕ ರಸ್ತೆಯ ಅಷ್ಟು ಅಡಿ ಜಾಗವನ್ನು ನಾನು ಪುಕ್ಕಟೆಯಾಗಿ ಬಳಸುವುದು ಸರಿಯೆ? 2021ರಲ್ಲಿ ಸರ್ಕಾರ ಒಪ್ಪಿದ ಬೆಂಗಳೂರಿನ ಪಾರ್ಕಿಂಗ್ ನೀತಿ, ವಸತಿ ಬೀದಿಗಳಲ್ಲಿ ಕಾರು ನಿಲ್ಲಿಸುವವರು ವಾರ್ಷಿಕ ಶುಲ್ಕ ತೆತ್ತು ಪರವಾನಗಿ ಪಡೆಯಬೇಕೆಂದಿತ್ತು. ನಮ್ಮ ಬೀದಿಗೆ ಅದು ಇನ್ನೂ ಬಂದಿಲ್ಲ. ಬೆಲೆಯಿಲ್ಲದ ವಸ್ತುವನ್ನು ಜನ ಮಿತಿಮೀರಿ ಬಳಸುತ್ತಾರೆಂದು ಸಭೆಗಳಲ್ಲಿ ಟಿಪ್ಪಣಿ ಮಂಡಿಸಿದವನು ನಾನೇ. ಶುಲ್ಕ ಕೇಳಿದರೆ ಕೊಡುತ್ತೇನೆ. ಆದರೆ ಕೇಳುವವರಿಲ್ಲವೆಂಬ ಸಮಾಧಾನವೂ ಒಳಗೊಳಗೆ ಇದೆಯೆಂದು ಒಪ್ಪಿಕೊಳ್ಳದಿದ್ದರೆ ಸುಳ್ಳಾದೀತು.

ಏಳು ದಿನ ಮುಗಿಯುವ ಮುನ್ನ ಚಕ್ರಕ್ಕೆ ಗಾಳಿ ತುಂಬಿಸಿ, ನೋಂದಣಿ ಪತ್ರದ ಪ್ರತಿಯೊಡನೆ ಲಿಖಿತ ಉತ್ತರ ಬರೆದು, ಕಾರಿನಲ್ಲೇ ಆ ಕಚೇರಿಗೆ ಹೋದೆ. ಅರ್ಜಿ ತೆಗೆದುಕೊಂಡ ಗುಮಾಸ್ತ ತರುಣ. ಮುದ್ರೆ ಒತ್ತಿ ಹಿಂಬರಹ ಕೊಟ್ಟು, ನನ್ನ ಜೊತೆಗೇ ಕೆಳಗಿಳಿದು ಬಂದ. ಕಾರಿನ ಸುತ್ತ ಒಂದು ಸುತ್ತು ಹಾಕಿ, ‘ಸಾರ್, ಗೇರ್ ಎಲ್ಲಿದೆ?’ ಎಂದು ಕೇಳಿದ.

ಈ ವರ್ಷದ ಬಾಡಿಗೆ ಕರಾರು ನವೀಕರಿಸುವಾಗ ಜೂನ್‌ನಿಂದ ಅಕ್ಟೋಬರ್‌ವರೆಗೆ ಪೋರ್ಟಿಕೊ ನಮಗಿರಲೆಂದು ಕೇಳಿದ್ದೇನೆ. ಬಾಡಿಗೆಯಲ್ಲಿ ಎಷ್ಟು ಇಳಿಸುತ್ತೀರೆಂದು ಅವರು ಕೇಳಿದ್ದಾರೆ. ಮಾತುಕತೆ ನಡೆಯುತ್ತಿದೆ.