ಕಂತಿನ ಲೆಕ್ಕ, ಕಸುಬಿನ ಲೆಕ್ಕ

ಬೆಂಗಳೂರಿನ ಜೆ.ಪಿ. ನಗರದಾಚೆ, ಕನಕಪುರ ರಸ್ತೆ ಕಡೆಯ ಆವಲಹಳ್ಳಿಯಲ್ಲಿ ವಿನತಾ ಎಂ. ರೆಡ್ಡಿ 1999ರಲ್ಲಿ ಶುರುಮಾಡಿದ ‘ಗ್ರಾಮೀಣ ಕೂಟ’ ಈಗ ಕ್ರೆಡಿಟ್‌ಆಕ್ಸೆಸ್ ಗ್ರಾಮೀಣ್ ಎಂಬ ದೊಡ್ಡ ಕಿರುಸಾಲ ಕಂಪನಿ. ಕಚೇರಿ ಜಯನಗರ 8ನೇ ಬ್ಲಾಕಿನಲ್ಲಿದೆ, 2018ರಲ್ಲಿ ಷೇರುಪೇಟೆಗೂ ಬಂದಿದೆ. ಬಾಂಗ್ಲಾದೇಶದ ಗ್ರಾಮೀಣ ಬ್ಯಾಂಕಿನ ಕುರಿತ ಪುಸ್ತಕವೊಂದರಿಂದ ಪ್ರೇರಣೆ ಬಂತು, ಆರಂಭದ ಹಣದ ನೆರವು ಢಾಕಾದ ಗ್ರಾಮೀಣ ಟ್ರಸ್ಟಿನಿಂದ ಬಂತು. ಒಡವೆ ಅಡವಿಡಬೇಕಿಲ್ಲ, ಪತ್ರ ಒತ್ತೆಯಿಡಬೇಕಿಲ್ಲ. ಅಕ್ಕಪಕ್ಕದ ಹೆಂಗಸರು ಗುಂಪು ಕಟ್ಟಿ ಒಬ್ಬರಿಗೊಬ್ಬರು ಹೊಣೆಯಾಗುತ್ತಾರೆ, ಗುಂಪುಗಳು ಸೇರುವ ಕೇಂದ್ರ ಸಭೆಯಲ್ಲಿ ಎಲ್ಲರೆದುರು ಕಂತು ಕಟ್ಟುತ್ತಾರೆ. ಬ್ಯಾಂಕಿನ ಮೆಟ್ಟಿಲು ಹತ್ತಲಾಗದವರಿಗೆ ಇದು ತೆರೆದ ಬಾಗಿಲು. ಆದರೆ ಸಾಲ ಸಿಕ್ಕಿದ್ದೇ ಸ್ವಾವಲಂಬನೆಯಲ್ಲ. ಕಸುಬಿನಿಂದ ಹಣ ಮರಳುವ ವೇಗಕ್ಕೆ ಕಂತಿನ ವೇಗ ಹೊಂದಿದಾಗ ಮಾತ್ರ ಸಾಲ ಬಂಡವಾಳವಾಗುತ್ತದೆ.

ಬನಶಂಕರಿ ದೇವಸ್ಥಾನದ ಬಳಿ ರಾಹುಕಾಲದ ದೀಪಕ್ಕೆ ನಿಂಬೆಹಣ್ಣು ಮಾರುವವರು ಬೆಳಗ್ಗೆ ಹಾಕಿದ ದುಡ್ಡನ್ನು ಸಂಜೆಗೆ ಎಣಿಸಿಕೊಳ್ಳಬಹುದು. ಅವರಿಗೆ ವಾರದ ಕಂತು ಭಾರವಲ್ಲ. ಹೊಲಿಗೆ ಯಂತ್ರ ಕೊಂಡವಳಿಗೆ ಗಿರಾಕಿ ಕೂಡಿಬರಲು ತಿಂಗಳುಗಳೇ ಬೇಕು. ಬೇಗನೆ ಕಂತು ಶುರುವಾದರೆ ಸಾಲದಲ್ಲೇ ಒಂದು ಪಾಲನ್ನು ಕಂತಿಗೆಂದು ಎತ್ತಿಡಬೇಕಾಗುತ್ತದೆ. ಅರ್ಥಶಾಸ್ತ್ರಜ್ಞರಾದ ಎರಿಕಾ ಫೀಲ್ಡ್, ರೋಹಿಣಿ ಪಾಂಡೆ ಮತ್ತು ಸಂಗಡಿಗರು ಕೋಲ್ಕತ್ತದಲ್ಲಿ ಇದನ್ನೇ ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದರು. ಮೊದಲ ಕಂತಿಗೆ ಎರಡು ವಾರದ ಬದಲು ಎರಡು ತಿಂಗಳ ಬಿಡುವು ಕೊಟ್ಟಾಗ ಹೆಂಗಸರು ಕಸುಬಿಗೆ ಹೆಚ್ಚು ಹಣ ಹಾಕಿದರು, ಲಾಭವೂ ಏರಿತು. ಸಾಲ ತೀರಿಸದವರ ಸಂಖ್ಯೆಯೂ ಏರಿತು ನಿಜ. ಆದರೆ ಆ ನಷ್ಟದ ಭಯಕ್ಕೆ ಎಲ್ಲರ ಕಸುಬನ್ನೂ ಕುಗ್ಗಿಸುವುದು ನನಗೆ ಸರಿ ಕಾಣುವುದಿಲ್ಲ.

ಇಂಥ ಸಾಲವೇ ಬೇಡ ಎನ್ನುವವರೂ ಇದ್ದಾರೆ. ಹೈದರಾಬಾದಿನ ಕೊಳೆಗೇರಿಗಳಲ್ಲಿ ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಸಂಗಡಿಗರು ಈ ಸಾಲದ ಕುರಿತು ನಡೆಸಿದ ಅಧ್ಯಯನದಲ್ಲಿ ಹೆಣ್ಣುಮಕ್ಕಳ ಮಾತಿಗೆ ಮನೆಯಲ್ಲಿ ತೂಕ ಹೆಚ್ಚಿದ್ದು ಕಾಣಲಿಲ್ಲ. ಬಡ್ಡಿಯೂ ವರ್ಷಕ್ಕೆ ಶೇ 20ರ ಮೇಲೆಯೇ. ಆದರೆ ಬದಲಿಗೆ ಸಿಗುವ ಕೈಸಾಲಕ್ಕೆ ತಿಂಗಳಿಗೆ ನೂರಕ್ಕೆ ಹತ್ತೆಂದರೂ ವರ್ಷಕ್ಕೆ ಶೇ 120 ಆಗುತ್ತದೆ. ವಸೂಲಿಯ ಕಿರುಕುಳ ಇನ್ನೂ ಗಂಭೀರ ಆಕ್ಷೇಪ. ಅದನ್ನು ತಡೆಯಲೆಂದೇ ಕರ್ನಾಟಕ ಸರ್ಕಾರ 2025ರಲ್ಲಿ ಸುಗ್ರೀವಾಜ್ಞೆ ತಂದಿತು. ಮನೆಯ ತಿಂಗಳ ಆದಾಯದ ಅರ್ಧಕ್ಕಿಂತ ಹೆಚ್ಚು ಸಾಲದ ಕಂತಿಗೆ ಹೋಗಕೂಡದೆಂದು ರಿಸರ್ವ್ ಬ್ಯಾಂಕ್ 2022ರಲ್ಲೇ ನಿಯಮ ಮಾಡಿದೆ. ಆದರೆ ದರ್ಜಿಯ ಆದಾಯ ಪ್ರತಿ ತಿಂಗಳೂ ಒಂದೇ ಅಲ್ಲ. ಜೂನ್‌ನಲ್ಲಿ ಶಾಲೆಯ ಸಮವಸ್ತ್ರ, ಶ್ರಾವಣದಲ್ಲಿ ಹಬ್ಬದ ರವಿಕೆ. ಶೂನ್ಯಮಾಸದಲ್ಲಿ ಮದುವೆಯಿಲ್ಲ, ಹೊಲಿಗೆಯೂ ಕಡಿಮೆ. ಅವಳ ಸಾಲದ ಪುಸ್ತಕದಲ್ಲಿ ಆ ತಿಂಗಳ ಕಂತು ಚಿಕ್ಕದಿರಬೇಕು.