ಭೋಜನಶಾಲೆಯೂ ಆಪ್ತವಾಕ್ಯವೂ

ಉಣ್ಣುವುದಕ್ಕೆ ಮುಂಚೆ ರುಚಿಯು ಪ್ರತ್ಯಕ್ಷವಾಗತಕ್ಕುದಲ್ಲ. ಆದಕಾರಣ ಹೊಸ ಹೋಟೆಲಿನ ಬಾಗಿಲಲ್ಲಿ ನಿಂತ ಗಿರಾಕಿಗೆ ಪರರ ಮಾತೇ ಪ್ರಮಾಣ. ಆ ಮಾತು ಈಗ ಜಾಲತಾಣಗಳಲ್ಲಿ ನಕ್ಷತ್ರಗಳ ರೂಪದಿಂದ ಎಣಿಕೆಗೊಳ್ಳುತ್ತಿರುವುದು. ಅಮೆರಿಕದ ಸಿಯಾಟಲ್ ನಗರದ ಭೋಜನಶಾಲೆಗಳನ್ನು ಕುರಿತು ಹಾರ್ವರ್ಡಿನ ಮೈಕೆಲ್ ಲೂಕಾ ಎಂಬವರು 2011ರಲ್ಲಿ ಪ್ರಕಟಿಸಿದ ಶೋಧನೆಯಂತೆ, ಯೆಲ್ಪ್ ಎಂಬ ತಾಣದಲ್ಲಿ ಒಂದು ನಕ್ಷತ್ರವು ಹೆಚ್ಚಿದರೆ ವರಮಾನವು ನೂರಕ್ಕೆ 5ರಿಂದ 9ರವರೆಗೆ ಏರುತ್ತದೆ. ವಿಶೇಷವೇನೆಂದರೆ, ಈ ಫಲವು ಒಂಟಿ ಹೋಟೆಲುಗಳಿಗೆ ಮಾತ್ರ ಸಲ್ಲುವುದು. ಊರೂರುಗಳಲ್ಲಿ ಶಾಖೆಗಳುಳ್ಳವುಗಳಿಗೆ ಹೆಸರೇ ಸಾಕ್ಷಿಯಾದ್ದರಿಂದ ನಕ್ಷತ್ರದ ಹಂಗಿಲ್ಲ.

ನೈಯಾಯಿಕರ ಮತದಲ್ಲಿ ಆಪ್ತನೆಂದರೆ ವಸ್ತುವನ್ನು ಸ್ವತಃ ಅರಿತು ಅರಿತಂತೆಯೇ ನುಡಿಯುವವನು. ಎಲೆಯ ಮುಂದೆ ಕುಳಿತುಣ್ಣದೆ ಹೊಗಳಿದವನು ಆಪ್ತನಾಗನು. ಹಾಗಿದ್ದರೂ 2017ರಲ್ಲಿ ಲಂಡನ್ನಿನಲ್ಲಿ, ಇಲ್ಲದ ಹೋಟೆಲೊಂದು ಸುಳ್ಳು ಪ್ರಶಂಸೆಗಳ ಬಲದಿಂದಲೇ ಟ್ರಿಪ್‌ಅಡ್ವೈಸರ್ ತಾಣದ ಪಟ್ಟಿಯಲ್ಲಿ ಆ ನಗರಕ್ಕೆಲ್ಲ ಮೊದಲನೆಯದಾಯಿತು. ಅಲ್ಲಿ ಊಟಕ್ಕೆ ಸ್ಥಳ ಬೇಡಿದವರೂ ಅನೇಕರು.