ಘಟ್ಟದ ತಪ್ಪಲೂ ಪಟ್ಟಣಿಗರ ಹೊಸ ಆಸೆಯೂ

ಉಡುಪಿ, ಮಣಿಪಾಲಗಳ ನಮ್ಮ ಮಿತ್ರವರ್ಗದಲ್ಲಿ ಕೆಲವು ವರ್ಷಗಳಿಂದ ಒಂದು ಹೊಸ ಆಸೆ ಹುಟ್ಟಿಕೊಂಡಿರುವುದನ್ನು ವಾಚಕರು ಬಲ್ಲರು. ಕಾರ್ಕಳದಾಚೆ ಮಾಳ, ಕೆರ್ವಾಶೆಗಳಲ್ಲಾಗಲಿ ಹೆಬ್ರಿಯ ಕಡೆ ನಾಡ್ಪಾಲು, ಕಬ್ಬಿನಾಲೆಗಳಲ್ಲಾಗಲಿ ಎರಡು ಮೂರು ಎಕರೆ ಭೂಮಿಯನ್ನು ಕೊಂಡು, ಲೋಕಕ್ಕೆ ಯಾವ ವಿಪತ್ತು ಬಂದರೂ ತಮ್ಮ ಅನ್ನನೀರುಗಳನ್ನು ತಾವೇ ನೋಡಿಕೊಂಡು ಬಾಳಬೇಕೆಂಬುದೇ ಆ ಆಸೆ. 2020ರಲ್ಲಿ ಕೋವಿಡ್ ರೋಗದ ನಿಮಿತ್ತ ರೈಲುಬಸ್ಸುಗಳು ನಿಂತು, ತರುವಾಯ ಮುಂಬಯಿಯ ನಮ್ಮವರು ಸಾವಿರಗಟ್ಟಲೆಯಾಗಿ ಊರು ಸೇರಿದಾಗ ಇದು ಬಲಿಯಿತು. ಅದೇ ವರ್ಷ ಭೂಸುಧಾರಣಾ ಕಾಯಿದೆಯು ತಿದ್ದುಪಡಿಯಾಗಿ, ಕೃಷಿಕರಲ್ಲದವರೂ ಕೃಷಿಭೂಮಿಯನ್ನು ಕೊಳ್ಳಲು ಮಾರ್ಗ ಸುಗಮವಾಯಿತು. ಆಸೆಯನ್ನು ನಾವು ಹಳಿಯುವವರಲ್ಲ. ಆದರೆ ಆ ಸೀಮೆಯು ಈಗ ಇರುವ ತನ್ನ ಮಕ್ಕಳನ್ನೇ ಸಾಕಬಲ್ಲುದೋ ಎಂಬ ಪ್ರಶ್ನೆಯನ್ನು ಇವರಲ್ಲಿ ಯಾರೂ ಕೇಳಿದಂತೆ ಕಾಣೆವು.

ನೀರಿನ ಮಟ್ಟಿಗೆ ಅಷ್ಟು ಪುಣ್ಯಶಾಲಿಯಾದ ನೆಲ ವಿರಳ. ಹೆಬ್ರಿಯ ನೆತ್ತಿಯ ಮೇಲಿರುವ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಸೀತಾನದಿಯೂ ಸ್ವರ್ಣೆಯೂ ಆ ಬೆಟ್ಟಗಳಿಂದಲೇ ಇಳಿದು ಬರತಕ್ಕವು. ಆದರೆ ಆ ನೀರೆಲ್ಲ ನಾಲ್ಕು ತಿಂಗಳಲ್ಲಿ ಬಂದು ಸಮುದ್ರವನ್ನು ಸೇರುವುದರಿಂದ, ನಮ್ಮ ಹಿರಿಯರು ಮಳೆ ನಿಂತೊಡನೆ ತೋಡುಗಳಿಗೆ ಮಣ್ಣು, ಮರ, ಸೊಪ್ಪುಗಳಿಂದ ಕಟ್ಟವನ್ನು ಕಟ್ಟುತ್ತಿದ್ದರು. ಗುಡ್ಡದ ನೀರನ್ನು ಮದಕಗಳಲ್ಲಿ ತಡೆಯುತ್ತಿದ್ದರು. ಕಟ್ಟವೆಂಬುದು ಒಂದು ಮನೆಯವರ ಕೆಲಸವಲ್ಲ. ಮೇಲಿನವರೂ ಕೆಳಗಿನವರೂ ಕೂಡಿದರೆ ಮಾತ್ರ ಆಗತಕ್ಕದ್ದು. ಕೊಳವೆಬಾವಿಯೂ ಪಂಪೂ ಬಂದ ಮೇಲೆ ಬಹುಕಡೆಗಳಲ್ಲಿ ಇದು ಬಿಟ್ಟುಹೋಗಿದೆ. ಬಾವಿಯ ರಾಟೆಹಗ್ಗಗಳೂ ಮೂಲೆ ಸೇರಿವೆ. ಆಟಿಯ ಗಾಳಿಮಳೆಗೆ ತಂತಿಯ ಮೇಲೆ ಮರ ಬಿದ್ದು ಮೂರು ದಿನ ವಿದ್ಯುತ್ತು ಇಲ್ಲದಾದಾಗ, ತುಂಬಿದ ಬಾವಿಯ ದಂಡೆಯಲ್ಲಿ ನಿಂತು ‘ನೀರಿಲ್ಲ’ವೆನ್ನುವ ಗೃಹಸ್ಥರನ್ನು ನಾವು ಕಣ್ಣಾರೆ ಕಂಡಿದ್ದೇವೆ! ಅಂಥವರ ಜಿಲ್ಲೆಯಲ್ಲಿಯೇ ಹೊಸಂಗಡಿಯ ವಾರಾಹಿ ವಿದ್ಯುದಾಗಾರವು 460 ಮೆಗಾವಾಟಿನದು, ಕಾಪು ತಾಲೂಕಿನ ಎಲ್ಲೂರಿನ ಸ್ಥಾವರವು 1,200 ಮೆಗಾವಾಟಿನದು. ಎರಡನೆಯದು ಕಡಲಾಚೆಯ ಕಲ್ಲಿದ್ದಲನ್ನು ನೆಚ್ಚಿಕೊಂಡಿರತಕ್ಕದ್ದು.

ಇನ್ನು ಅನ್ನ. ಐದು ಜನರ ಸಂಸಾರಕ್ಕೆ ದಿನಕ್ಕೆ ಎರಡು ಕಿಲೋ ಅಕ್ಕಿಯೆಂದರೆ ವರ್ಷಕ್ಕೆ 730 ಕಿಲೋ ಆಯಿತು. ಭತ್ತವಾಗಿ ಸುಮಾರು 11 ಕ್ವಿಂಟಾಲು. ಒಳ್ಳೆಯ ಒಂದು ಎಕರೆ ಗದ್ದೆ ಒಂದೇ ಬೆಳೆಯಲ್ಲಿ ಇಷ್ಟನ್ನು ಕೊಡಬಲ್ಲುದು. ಬೈಲು ಗದ್ದೆಯಲ್ಲಿ ಏಣೆಲು, ಸುಗ್ಗಿ, ಕೊಳಕೆಯೆಂದು ಮೂರು ಬೆಳೆ, ಮಜಲಿನಲ್ಲಿ ಎರಡು, ಬೆಟ್ಟಿನಲ್ಲಿ ಒಂದು, ಹೀಗೆ ತುಳುನಾಡಿನ ಬೇಸಾಯವು ನೆಲದ ಎತ್ತರವನ್ನು ನೋಡಿಯೇ ಏರ್ಪಟ್ಟುದು. ಆದುದರಿಂದ ಲೆಕ್ಕದಲ್ಲಿ ಆ ಸೀಮೆಗೆ ಬಡತನವಿಲ್ಲ. ಆದರೆ ಆ ಗದ್ದೆಗಳೆಲ್ಲಿ? ಬೆಟ್ಟು ಹಡಿಲು ಬಿದ್ದಿದೆ. ಮಜಲಿಗೆ ಅಡಕೆ ಬಂದಿದೆ. ಗುಡ್ಡಕ್ಕೆ ರಬ್ಬರು ಏರಿದೆ. ಆಳು ಸಿಕ್ಕುವುದಿಲ್ಲ, ಕಾಡುಹಂದಿಯೂ ಮಂಗವೂ ಬಿಡುವುದಿಲ್ಲ, ಬೆಳೆದ ಭತ್ತಕ್ಕೆ ಬೆಲೆಯಿಲ್ಲವೆಂದು ರೈತನು ಹೇಳುವುದರಲ್ಲಿ ಸುಳ್ಳೇನೂ ಇಲ್ಲ. ಅಡಕೆಯನ್ನು ಮಾರಿದರೆ ಹಣ ಬರುವುದು ದಿಟ, ಆದರೆ ದಾರಿ ಕಡಿದ ದಿನ ಅದನ್ನು ಬೇಯಿಸಿ ಉಣ್ಣಲಾಗದು. 2021ರಲ್ಲಿ ಉಡುಪಿಯ ಸುತ್ತ ಹಡಿಲು ಗದ್ದೆಗಳನ್ನು ಉಳುವ ಆಂದೋಲನ ನಡೆದು ‘ಕೇದಾರ’ದ ಹೆಸರಿನಲ್ಲಿ ಅಕ್ಕಿ ಬಂದುದೂ, ಕಾರ್ಕಳದಲ್ಲಿ ‘ಕಾರ್ಲ ಕಜೆ’ಯೆಂಬ ಕೆಂಪಕ್ಕಿಗೆ ಹೆಸರು ಬಂದುದೂ ಸಂತೋಷದ ಸಂಗತಿಗಳೇ. ಪೇಟೆಯ ಚೀಲದಲ್ಲಿ ಬಂದ ಅಕ್ಕಿಗಿಂತ ಊರಿನ ಪತ್ತಾಯದಲ್ಲಿ ಉಳಿದ ಅಕ್ಕಿಯ ಲೆಕ್ಕವು ನಮಗೆ ಹೆಚ್ಚು ಬೇಕಾಗಿದೆ.

ಹಿಂದಿನವರ ಮನೆಯಲ್ಲಿ ವಿಪತ್ತಿನ ಸಿದ್ಧತೆಯೆಂಬ ಹೆಸರು ಇರಲಿಲ್ಲ, ಸಿದ್ಧತೆ ಇತ್ತು. ಅಂಗಳದಲ್ಲಿ ತುಪ್ಪೆ, ಅಟ್ಟದಲ್ಲಿ ಬೈಹುಲ್ಲಿನಿಂದ ಬಿಗಿದ ಅಕ್ಕಿಮುಡಿ, ಭರಣಿಯಲ್ಲಿ ಉಪ್ಪುಸೊಳೆ, ಮಾವಿನ ಮಿಡಿ, ಹಲಸಿನ ಬೀಜದ ಸಾಂತಾಣಿ, ಕಡಲಿನಿಂದ ಬಂದ ಒಣಮೀನು ಇವೆಲ್ಲವೂ ಪತ್ತನಾಜೆಗೆ ಮೊದಲೇ ಒಳಗಾಗುತ್ತಿದ್ದವು. ಇದರಲ್ಲಿ ಸುಖವಿತ್ತೆಂದು ನಾವು ಹೇಳುವುದಿಲ್ಲ. ಆಟಿಯಲ್ಲಿ ತಜಂಕಿನ ಸೊಪ್ಪನ್ನೂ ಕಣಿಲೆಯನ್ನೂ ತಿಂದುದು ರುಚಿಗಾಗಿಯಲ್ಲ, ಹಸಿವಿಗಾಗಿ. ತುಪ್ಪೆ ಇದ್ದುದು ಧಣಿಯ ಅಂಗಳದಲ್ಲಿ, ಒಕ್ಕಲಿನ ಅಂಗಳದಲ್ಲಲ್ಲ. 1974ರ ಭೂಸುಧಾರಣೆಯಿಂದ ಒಕ್ಕಲಿಗೆ ಭೂಮಿ ಬಂದುದು ನ್ಯಾಯವೇ ಆಯಿತು. ಶೋಚನೀಯವಾದುದೇನೆಂದರೆ, ಧಣಿಯ ತುಪ್ಪೆ ಹೋದ ಸ್ಥಳದಲ್ಲಿ ಊರಿನ ತುಪ್ಪೆ ಏಳಲಿಲ್ಲ. ಹೊರಗಿನ ಅಕ್ಕಿಯನ್ನೇ ನಂಬಿದವರ ಗತಿ ಏನೆಂಬುದನ್ನು, 1942ರಲ್ಲಿ ಜಪಾನೀಯರು ಬರ್ಮವನ್ನು ಹಿಡಿದಾಗ, ತಿರುವಾಂಕೂರು, ಕೊಚ್ಚಿಗಳು ಅನುಭವಿಸಿದವು. ಅದೇ ವರ್ಷದ ಜುಲೈಯಲ್ಲಿ ಗಾಂಧೀಜಿಯವರು ತಮ್ಮ ‘ಹರಿಜನ’ ಪತ್ರಿಕೆಯಲ್ಲಿ ಬರೆದ ಗ್ರಾಮಸ್ವರಾಜ್ಯವು ಒಂಟಿ ಮನೆಯ ಸ್ವರಾಜ್ಯವಲ್ಲವೆಂಬುದನ್ನು ನಮ್ಮ ಪಟ್ಟಣಿಗರು ಗಮನಿಸತಕ್ಕದ್ದು.

ದಾರಿ ಕಡಿಯುವುದು ಊಹೆಯ ಮಾತಲ್ಲ. 2018ರ ಆಗಸ್ಟಿನಲ್ಲಿ ಶಿರಾಡಿ, ಸಂಪಾಜೆ ಘಟ್ಟಗಳೂ, ಸಕಲೇಶಪುರ ಸುಬ್ರಹ್ಮಣ್ಯಗಳ ನಡುವಣ ರೈಲುದಾರಿಯೂ ಕುಸಿತದಿಂದ ಮುಚ್ಚಿದವು. ಮರುವರ್ಷ ಚಾರ್ಮಾಡಿ, 2022ರ ಜುಲೈಯಲ್ಲಿ ಆಗುಂಬೆ. ಮಣಿಪಾಲದಲ್ಲಿ 1953ರಿಂದಲೂ ದೊಡ್ಡ ವೈದ್ಯಕೀಯ ಕಾಲೇಜಿದೆ; 2019ರಲ್ಲಿ ಮಂಗನ ಕಾಯಿಲೆ ಹಬ್ಬಿದಾಗ ಘಟ್ಟದ ಮೇಲಿನ ರೋಗಿಗಳನ್ನೂ ಅಲ್ಲಿಗೇ ತಂದರು. ಆದರೆ ಹೆಬ್ರಿಯಿಂದ ಅಲ್ಲಿಗೆ ಸುಮಾರು 30 ಕಿಲೋಮೀಟರು. ಕಬ್ಬಿನಾಲೆಯ ಮೇಲಿನ ಮನೆಯಿಂದ ಹೆಬ್ರಿಗೆ ಬರುವುದೇ ಮಳೆಗಾಲದ ರಾತ್ರಿ ಒಂದು ಪ್ರಯಾಣ. ಹಾವು ಕಚ್ಚಿದವನಿಗೆ ಅಷ್ಟು ವೇಳೆಯಿರುವುದಿಲ್ಲ.

ಇದೆಲ್ಲ ಬೆಟ್ಟದವರ ಪಾಡೆಂದು ಉಡುಪಿಯವರು ಸುಮ್ಮನಿರುವಂತಿಲ್ಲ. 2019ರ ಮೇ ತಿಂಗಳಲ್ಲಿ ಬಜೆಯ ಅಣೆಕಟ್ಟು ಬರಿದಾಗಿ, ಸ್ವರ್ಣೆಯ ಗುಂಡಿಗಳಲ್ಲಿ ನಿಂತ ನೀರನ್ನು ಪಂಪಿನಿಂದ ಹಾಯಿಸಿದ್ದನ್ನೂ, 2020ರ ಸೆಪ್ಟೆಂಬರ್ 20ರಂದು ಅದೇ ಪಟ್ಟಣ ನೆರೆಯಲ್ಲಿ ಮುಳುಗಿದ್ದನ್ನೂ ಇಷ್ಟು ಬೇಗ ಮರೆತೆವೆ? ಮೇಲೆ ಮದಕವೂ ಕಟ್ಟವೂ ಇಲ್ಲದಿದ್ದರೆ ಕೆಳಗೆ ಬೇಸಗೆಯ ಬಾಯಾರಿಕೆ ಹೆಚ್ಚುವುದರಲ್ಲಿ ಸಂದೇಹವಿಲ್ಲ.

2005ರ ವಿಪತ್ತು ನಿರ್ವಹಣಾ ಕಾಯಿದೆಯಂತೆ ಪ್ರತಿ ಜಿಲ್ಲೆಗೂ ಒಂದು ಯೋಜನೆ ಇರತಕ್ಕದ್ದು. ಅದು ಜಿಲ್ಲಾ ಕಚೇರಿಯ ಕಪಾಟಿನಲ್ಲಿದ್ದರೆ ನಾಡ್ಪಾಲಿನವರ ಹೊಟ್ಟೆ ತುಂಬದು. ಹೆಬ್ರಿಯು 2018ರಲ್ಲಿ ಪ್ರತ್ಯೇಕ ತಾಲೂಕಾದುದು ಈ ಕೆಲಸಕ್ಕೆ ಅನುಕೂಲವೇ ಸರಿ. ಅಲ್ಲಿಯ ಮತ್ತು ಕಾರ್ಕಳದ ತಹಶೀಲ್ದಾರರಲ್ಲಿ ನಮ್ಮ ವಿನಂತಿ ಇಷ್ಟೇ: ಘಟ್ಟದ ಬುಡದ ಪ್ರತಿ ಗ್ರಾಮದಲ್ಲಿ ಮೂರು ತಿಂಗಳಿಗಾಗುವಷ್ಟು ಅಕ್ಕಿ ಸಹಕಾರಿ ಸಂಘದ ಉಗ್ರಾಣದಲ್ಲಿದೆಯೇ, ಅದರಲ್ಲಿ ಆ ಊರಿನದೆಷ್ಟು, ಕಳೆದ ಚಳಿಗಾಲದಲ್ಲಿ ಎಷ್ಟು ಕಟ್ಟ ಕಟ್ಟಿದರು, ಎಷ್ಟು ಬಾವಿಗಳಿಗೆ ರಾಟೆಯಿದೆ, ಹಾವಿನ ವಿಷದ ಔಷಧ ಹತ್ತಿರದ ಯಾವ ಆಸ್ಪತ್ರೆಯಲ್ಲಿದೆ ಎಂಬುದನ್ನು ಪತ್ತನಾಜೆಗೆ ಮುಂಚೆ ಬರೆಸಿ, ಪಂಚಾಯತಿಯ ಗೋಡೆಗೆ ಹಚ್ಚಿಸಲಿ. ಒಂದು ಪ್ರತಿಯನ್ನು ನಮಗೆ ಕಳುಹಿಸಿದರೆ, ಈ ಪುಟದಲ್ಲಿ ಒಂದಕ್ಷರವನ್ನೂ ಬಿಡದೆ ಅಚ್ಚು ಹಾಕಿಸುವೆವು. ಭೂಮಿ ಕೊಳ್ಳಹೊರಟ ಮಿತ್ರರು ಕರಾರಿಗೆ ಮೊದಲು ಅದನ್ನು ಓದಲಿ. ಕಟ್ಟ ಕಟ್ಟುವ ದಿನ ತಾವೂ ತೋಡಿಗಿಳಿಯುವಿರೋ ಎಂದು ಊರವರು ಕೇಳಿದರೆ ಉತ್ತರವನ್ನೂ ಸಿದ್ಧವಾಗಿಟ್ಟುಕೊಳ್ಳಲಿ.